ಮಳೆಗಾಲದ ಟಿನ್ ಮೀನಿಗೆ ಉರುಳು ಕಪಾಟು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಟ್ಟು 61 ದಿನ. ಮಲ್ಪೆ, ಗಂಗೊಳ್ಳಿ, ಮಂಗಳೂರು ಬಂದರುಗಳಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಕಡಲು ಸ್ವಲ್ಪ ತಣ್ಣಗಾದ ದಿನ ನಾಡದೋಣಿಯವರು ತಂದಷ್ಟೇ ತಾಜಾ ಮೀನು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ. ಆಮೇಲೆ ತಮಿಳುನಾಡು, ಆಂಧ್ರದ ಕಡೆಯಿಂದ ಐಸ್ ಹಾಕಿದ ಮೀನು ಲಾರಿಯಲ್ಲಿ ಬರುತ್ತದೆ. ರೇಟು ಕೇಳಿದರೆ ಅರ್ಧ ಕೆಜಿ ಸಾಕು ಅನ್ನಿಸುತ್ತದೆ.

ಈ ಎರಡು ತಿಂಗಳಿಗೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಒಣಮೀನು. ಅದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಣ ಸಿಗಡಿಯ ಚಟ್ನಿಗೆ ಬದಲಿ ಅನ್ನುವುದೇ ಇಲ್ಲ. ಆದರೆ ಒಣಮೀನು ಊಟದ ಬದಿಗೆ ಇರುವಂಥದ್ದು, ಉಪ್ಪು ಜಾಸ್ತಿ, ಹೊಟ್ಟೆ ತುಂಬ ತಿನ್ನುವಂತಿಲ್ಲ. ಫ್ರೀಜರಿನಲ್ಲಿ ತುಂಬಿಡೋಣ ಎಂದರೆ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಅಷ್ಟೂ ಹಾಳು. ಉಳಿದಿದ್ದು ಟಿನ್ ಮೀನು. ಬಂಗುಡೆ, ಬೂತಾಯಿ (ಸಾರ್ಡೀನ್), ಕೇದರ (ಟ್ಯೂನಾ) ಮೂರೂ ಟಿನ್ನಿನಲ್ಲಿ ಸಿಗುತ್ತವೆ. ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಹಿಂದಿನಿಂದಲೂ ಬರುತ್ತಿತ್ತು, ಈಗ ಊರಿನ ಸೂಪರ್ ಮಾರ್ಕೆಟಿನಲ್ಲೇ ಸಾಲು ಸಾಲಾಗಿ ಇಟ್ಟಿರುತ್ತಾರೆ.

ಟಿನ್ ತರುವುದು ಸುಲಭ. ಕಡಲ ತೀರದ ಮನೆಯಲ್ಲಿ ವರ್ಷಗಟ್ಟಲೆ ಅದನ್ನು ಕೆಡದ ಹಾಗೆ ಇಡುವುದು ಬೇರೆಯೇ ಕೆಲಸ. ಒಳಗಿನ ಮೀನು ತಾನಾಗಿ ಕೆಡುವುದಿಲ್ಲ. ಟಿನ್ನಿನ ಬಾಯಿ ಮುಚ್ಚಿ ಸೀಲ್ ಮಾಡಿದ ಮೇಲೆ ಕಾರ್ಖಾನೆಯಲ್ಲಿ ಅದನ್ನು ಒತ್ತಡದ ಪಾತ್ರೆಯಲ್ಲಿ ಸುಮಾರು 115ರಿಂದ 121 ಡಿಗ್ರಿವರೆಗೆ ಬೇಯಿಸುತ್ತಾರೆ. ಅಷ್ಟು ಬಿಸಿಗೆ ಒಳಗಿನ ಅಪಾಯಕಾರಿ ಕ್ರಿಮಿಗಳು ಬೀಜರೂಪದಲ್ಲೂ ಉಳಿಯುವುದಿಲ್ಲ. ಹೊರಗಿನಿಂದ ಹೊಸದು ಹೋಗಲು ದಾರಿ ಇಲ್ಲ. ಆ ದಾರಿ ತೆರೆಯುವುದು ತುಕ್ಕು. ಉಪ್ಪು ಗಾಳಿ, ನಾಲ್ಕು ತಿಂಗಳ ತೇವ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಟಿನ್ನುಗಳು. ಹಿಂದೆ ಹೋದ ಟಿನ್ ಯಾರ ಕಣ್ಣಿಗೂ ಬೀಳುವುದಿಲ್ಲ, ಹೊಸದನ್ನೇ ಮೊದಲು ತೆಗೆದು ತಿನ್ನುತ್ತೇವೆ, ಹಳೆಯದು ಅಲ್ಲೇ ತುಕ್ಕು ಹಿಡಿಯುತ್ತದೆ. ಹಾಗಾಗಿ ನನಗೆ ಬೇಕಿದ್ದುದು ಎರಡು ಗುಣದ ಕಪಾಟು: ಟಿನ್ನಿನ ಸುತ್ತ ಗಾಳಿ ಆಡಬೇಕು, ಮೊದಲು ಬಂದದ್ದೇ ಮೊದಲು ಕೈಗೆ ಸಿಗಬೇಕು.

ಜಾಗ

ಅಡುಗೆಮನೆಯಲ್ಲಿ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಅಲ್ಲಿ ಒಲೆಯ ಬಿಸಿ, ಅನ್ನ ಬೇಯುವ ಹಬೆ ಎರಡೂ ಇವೆ. ಹೆಂಚಿನ ಕೆಳಗಿನ ಅಟ್ಟವೂ ಬೇಡ, ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಅಲ್ಲಿ ಕೈ ಇಟ್ಟರೆ ಗೊತ್ತಾಗುತ್ತದೆ. ಬಿಸಿಯಲ್ಲಿ ಮೀನು ವಿಷವೇನೂ ಆಗುವುದಿಲ್ಲ, ಆದರೆ ರುಚಿ ಬೇಗ ಇಳಿಯುತ್ತದೆ. ಟೊಮೆಟೊ ಸಾಸಿನ ಹುಳಿ ಟಿನ್ನಿನ ಒಳಗೋಡೆಯನ್ನು ತಿನ್ನುವುದೂ ಜೋರಾಗುತ್ತದೆ. ನಮ್ಮ ಮನೆಯ ಒಳಓಣಿ, ಅಂದರೆ ಎರಡು ಕೋಣೆಗಳ ನಡುವಿನ ದಾರಿ, ಬೇಸಿಗೆಯಲ್ಲೂ ತಂಪಾಗಿರುತ್ತದೆ. ಅದನ್ನೇ ಆರಿಸಿದೆ.

ಗೋಡೆ ಕೆಂಪುಕಲ್ಲಿನದು. ಮಳೆಗಾಲದಲ್ಲಿ ಈ ಕಲ್ಲು ನೀರು ಹೀರಿ ತಣ್ಣಗಿರುತ್ತದೆ. ತಣ್ಣನೆ ಗೋಡೆಗೆ ತಾಗಿದ ಟಿನ್ನೂ ತಣ್ಣಗಾಗುತ್ತದೆ. ಹೊರಗಿನ ತೇವದ ಗಾಳಿ ಅದಕ್ಕೆ ಬಡಿದ ಕೂಡಲೇ ಬೆವರಿನ ಹಾಗೆ ನೀರು ಕೂರುತ್ತದೆ. ತುಕ್ಕು ಶುರುವಾಗಲು ಅಷ್ಟು ಸಾಕು. ಆದ್ದರಿಂದ ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟೆ. ಕೆಳಗೆ ನೆಲದಿಂದ 15 ಸೆಂ.ಮೀ. ಎತ್ತರ. ಬಾಗಿಲು ಇಡಲೇ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಮುಚ್ಚಿದ ಕಪಾಟು ಎಂದರೆ ಬೂಸ್ಟಿನ ಮನೆಯೇ, ಅಲ್ವಾ.

ಅಳತೆ

ಇಡೀ ಕಪಾಟು ನಿಂತಿರುವುದು ಟಿನ್ನಿನ ಅಳತೆಯ ಮೇಲೆ. ಮಾರುಕಟ್ಟೆಯಲ್ಲಿ ಸಿಗುವ ದುಂಡಗಿನ ಉದ್ದ ಟಿನ್ನುಗಳಲ್ಲಿ ಎರಡು ಮುಖ್ಯ. 425 ಗ್ರಾಮಿನದು ಸುಮಾರು 7.6 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರ. 155 ಗ್ರಾಮಿನದು ಸುಮಾರು 5.4 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ. ಕಂಪನಿಯಿಂದ ಕಂಪನಿಗೆ ಒಂದೆರಡು ಮಿ.ಮೀ. ಆಚೀಚೆ ಆಗುತ್ತದೆ. ನೀವು ಮಾಡುವುದಾದರೆ ನಿಮ್ಮ ಮನೆಗೆ ಬರುವ ಟಿನ್ನನ್ನೇ ಅಳೆಯಿರಿ, ನನ್ನ ಲೆಕ್ಕವನ್ನು ಹಾಗೇ ಹಿಡಿಯಬೇಡಿ.

ಟಿನ್ ಅಡ್ಡ ಮಲಗಿ ಉರುಳಬೇಕು. ಗೋಡೆ ಹಿಂದೆ ಇರುವುದರಿಂದ ಹಿಂದಿನಿಂದ ತುಂಬಲು ಆಗುವುದಿಲ್ಲ. ಅದಕ್ಕೆ ಎರಡು ಅಂತಸ್ತಿನ ಜಾರು ಬೇಕು. ಮೇಲಿನ ಹಳಿ ಹಿಂದಕ್ಕೆ ಇಳಿಜಾರು, ಕೆಳಗಿನ ಹಳಿ ಮುಂದಕ್ಕೆ ಇಳಿಜಾರು. ಹೊಸ ಟಿನ್ನನ್ನು ಮೇಲಿನ ಬಾಯಿಯಲ್ಲಿ ಇಟ್ಟರೆ ಅದು ಹಿಂದಕ್ಕೆ ಉರುಳಿ, ಅಲ್ಲಿನ ಕಿಂಡಿಯಲ್ಲಿ ಕೆಳಗೆ ಇಳಿದು, ಮುಂದಕ್ಕೆ ಬಂದು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಕೆಳಗಿನ ಬಾಯಿಯಲ್ಲಿ ಕೈಗೆ ಸಿಗುವುದು ಯಾವಾಗಲೂ ಹಳೆಯ ಟಿನ್.

ಮರ ಕೊಯ್ಯುವ ಮೊದಲು ರಟ್ಟಿನಲ್ಲಿ ಒಂದು ಹಳಿ ಮಾಡಿ ಉರುಳಿಸಿ ನೋಡಿದೆ. ಇಳಿಜಾರು ಅರ್ಧ ಮೀಟರಿಗೆ 4 ಸೆಂ.ಮೀ. ಇದ್ದರೆ ಹದ. ಅದಕ್ಕಿಂತ ಕಡಿಮೆಯಾದರೆ ಟಿನ್ ನಡುವೆ ನಿಂತುಬಿಡುತ್ತದೆ, ಜಾಸ್ತಿಯಾದರೆ ಹಿಂದೆ ಹೋಗಿ ಜೋರಾಗಿ ಬಡಿಯುತ್ತದೆ. ಹಳಿಯ ಅಗಲ ಟಿನ್ನಿನ ಎತ್ತರಕ್ಕಿಂತ 6 ಮಿ.ಮೀ. ಹೆಚ್ಚು, ಅಷ್ಟೇ. ಇನ್ನೂ ಸಡಿಲ ಬಿಟ್ಟರೆ ಟಿನ್ ಓರೆಯಾಗಿ ತಿರುಗಿ ಎರಡು ಬದಿಗೂ ಕಚ್ಚಿಕೊಳ್ಳುತ್ತದೆ. ಹಿಂದಿನ ಕಿಂಡಿ ಟಿನ್ನಿನ ಅಗಲಕ್ಕಿಂತ ಸುಮಾರು 2 ಸೆಂ.ಮೀ. ದೊಡ್ಡದು.

ಹಳಿಯ ಉದ್ದ 50 ಸೆಂ.ಮೀ. ದೊಡ್ಡ ಟಿನ್ ಕೆಳಗಿನ ಹಳಿಯಲ್ಲಿ 6, ಕಿಂಡಿ ಬಿಟ್ಟು ಮೇಲಿನ ಹಳಿಯಲ್ಲಿ 5. ಚಿಕ್ಕದು ಕೆಳಗೆ 9, ಮೇಲೆ 7. ಎರಡೆರಡು ಸಾಲು ಮಾಡಿದ್ದರಿಂದ ದೊಡ್ಡದು 22, ಚಿಕ್ಕದು 32 ಹಿಡಿಯುತ್ತದೆ. ದೊಡ್ಡ ಟಿನ್ನಿನ ಜೋಡಿ ಹಳಿಗೆ 32 ಸೆಂ.ಮೀ. ಎತ್ತರ ಬೇಕಾಯಿತು, ಚಿಕ್ಕದಕ್ಕೆ 26. ಭಾರದ್ದು ಕೆಳಗೆ, ಹಗುರದ್ದು ಮೇಲೆ.

ಮರ, ಸ್ಕ್ರೂ, ಅಂಟು

ಬದಿಯ ಎರಡು ಹಲಗೆ ಮತ್ತು ನಡುವಿನ ಒಂದು ಹಲಗೆ 12 ಮಿ.ಮೀ. ಮೆರೈನ್ ಪ್ಲೈವುಡ್. ಅಂಗಡಿಯಲ್ಲಿ ಕೇಳುವಾಗ ಐಎಸ್ 710 ಮುದ್ರೆ ಇದೆಯೇ ನೋಡಿ ತೆಗೆದುಕೊಳ್ಳಿ. ಸಾಧಾರಣ ಪ್ಲೈವುಡ್ ನಮ್ಮ ಮಳೆಗೆ ಪದರ ಪದರ ಬಿಟ್ಟುಕೊಳ್ಳುತ್ತದೆ. ಹಳಿಗಳಿಗೆ ಹೆಂಚಿನ ಮಾಡು ದುರಸ್ತಿ ಮಾಡಿದಾಗ ಉಳಿದಿದ್ದ ರೀಪುಗಳನ್ನೇ ಬಳಸಿದೆ. ಹಲಸಿನ ಮರದ ರೀಪು, ಚೆನ್ನಾಗಿ ಒಣಗಿದ್ದು. ಕೀಸುಳಿ ಹೊಡೆದು ಒಂದೂವರೆ ಸೆಂ.ಮೀ. ದಪ್ಪಕ್ಕೆ ಇಳಿಸಿಕೊಂಡೆ.

ಹಳಿಗೆ ಇಡೀ ಹಲಗೆ ಹಾಕದೆ ಎರಡೇ ರೀಪು ಹಾಕಿದ್ದಕ್ಕೆ ಕಾರಣ ಇದೆ. ಟಿನ್ ಎರಡು ಗೆರೆಯ ಮೇಲೆ ಮಾತ್ರ ಕೂರುತ್ತದೆ, ಕೆಳಗಿನಿಂದಲೂ ಗಾಳಿ ತಾಗುತ್ತದೆ. ರೀಪುಗಳನ್ನು ಬದಿಯ ಹಲಗೆಯಿಂದ ಎರಡು ಬೆರಳು ಒಳಗೆ ಕೂರಿಸಿದ್ದೇನೆ. ಆಗ ಟಿನ್ನಿನ ಎರಡು ತುದಿಯ ಅಂಚು, ಅಂದರೆ ಮಡಚಿದ ಸೀಲ್ ಇರುವ ಭಾಗ, ಹಳಿಗೆ ತಾಗುವುದೇ ಇಲ್ಲ. ತುಕ್ಕು ಮೊದಲು ಹಿಡಿಯುವುದು ಆ ಅಂಚಿಗೇ. ಮಡಿಕೆಯೊಳಗೆ ತೇವ ನಿಲ್ಲುತ್ತದೆ, ಅಲ್ಲಿನ ಲೇಪವೂ ಪೆಟ್ಟಿಗೆ ಬೇಗ ಸುಲಿಯುತ್ತದೆ.

ಕೆಲಸ ನೋಡಲು ಬಂದ ಬಡಗಿ ಆಚಾರ್ರು ಒಂದು ರೀಪನ್ನು ಕೈಯಲ್ಲಿ ಹಿಡಿದು ಕಣ್ಣಿನ ನೇರಕ್ಕೆ ಇಟ್ಟು ನೋಡಿದರು. "ಇದರ ಬೆನ್ನು ಸ್ವಲ್ಪ ಎದ್ದಿದೆ ಮಾರಾಯ್ರೆ. ಉಬ್ಬಿದ್ದು ಮೇಲೆ ಬರುವ ಹಾಗೆ ಹಾಕಿ. ಭಾರ ಬಿದ್ದ ಮೇಲೆ ನೇರ ಆಗ್ತದೆ."

"ಅಂಟೂ ಹಾಕ್ಬೇಕಾ ಆಚಾರ್ರೇ, ಬರೀ ಸ್ಕ್ರೂ ಸಾಕಾ?" ಎಂದು ಕೇಳಿದೆ.

"ಹಳಿಗೆ ಅಂಟು ಬೇಡ. ನಾಳೆ ಬೇರೆ ಅಳತೆಯ ಡಬ್ಬಿ ತಂದ್ರೆ ಬಿಚ್ಚಿ ಹಾಕ್ಲಿಕ್ಕೆ ಬೇಕಲ್ಲ."

ಆ ಮಾತು ನೂರಕ್ಕೆ ನೂರು ಸರಿ. ಹಳಿಗಳು ಸ್ಕ್ರೂ ಮೇಲೆ ಮಾತ್ರ ನಿಂತಿವೆ. ಕಾಲು ಮತ್ತು ಬದಿಯ ಹಲಗೆ ಸೇರುವ ಕಡೆಗಷ್ಟೇ ನೀರಿಗೆ ಬಿಡದ ಮರದ ಅಂಟು. ಸ್ಕ್ರೂ ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್. ಕಬ್ಬಿಣದ ಮೊಳೆ ಹೊಡೆದರೆ ಎರಡನೇ ಮಳೆಗಾಲಕ್ಕೆ ಮರದ ಮೇಲೆ ಕಪ್ಪು ಕಲೆ, ನಾಲ್ಕನೆಯದಕ್ಕೆ ಮೊಳೆಯೇ ಇರುವುದಿಲ್ಲ.

ಹಲಸಿನ ಮರ ಗಟ್ಟಿ, ತುದಿಯಲ್ಲಿ ಸ್ಕ್ರೂ ಹಾಕಿದರೆ ಸೀಳುತ್ತದೆ. ಸ್ಕ್ರೂಗಿಂತ ಸಣ್ಣ ಬಿಟ್ಟಿನಿಂದ ಮೊದಲು ತೂತು ಕೊರೆದುಕೊಳ್ಳಬೇಕು. ಬದಿಯ ಹಲಗೆಗಳ ಮೇಲೆ ಇಳಿಜಾರಿನ ಗೆರೆ ಎಳೆಯುವಾಗ ಎರಡನ್ನೂ ಪಕ್ಕಪಕ್ಕ ಮಲಗಿಸಿ ಒಂದೇ ಸಲ ಗುರುತು ಹಾಕಿದೆ. ಎಡಕ್ಕೂ ಬಲಕ್ಕೂ 3 ಮಿ.ಮೀ. ವ್ಯತ್ಯಾಸ ಬಂದರೂ ಟಿನ್ ಒಂದು ಬದಿಗೆ ವಾಲಿ ಉಜ್ಜುತ್ತದೆ. ಜೋಡಿಸಿದ ಮೇಲೆ ರಸಮಟ್ಟ ಅಡ್ಡ ಇಟ್ಟು ಪ್ರತಿ ಹಳಿಯನ್ನೂ ನೋಡಿಕೊಂಡೆ. ಚಿಕ್ಕ ಟಿನ್ನಿನ ಹಳಿಗೆ ಅಗಲ ಜಾಸ್ತಿ ಆಗುತ್ತಿತ್ತು, ಅಲ್ಲಿ ಬದಿಗೆ 2 ಸೆಂ.ಮೀ. ದಪ್ಪದ ರೀಪು ಕೂರಿಸಿ ಸರಿಮಾಡಿದೆ. ಕೆಳಗಿನ ಬಾಯಿಗೆ 3 ಸೆಂ.ಮೀ. ಎತ್ತರದ ತಡೆಪಟ್ಟಿ. ಮೇಲೆ ಒಂದು ಸಮತಟ್ಟು ಹಲಗೆ.

ಹಿಂದಿನ ಕಿಂಡಿಯಲ್ಲಿ ಟಿನ್ ಬೀಳುವ ಜಾಗಕ್ಕೆ ಹಳೇ ಸೈಕಲ್ ಟ್ಯೂಬನ್ನು ಸೀಳಿ ಎರಡು ಪದರ ಮಾಡಿ ಬಿಗಿದಿದ್ದೇನೆ. ಬೆನ್ನಿನ ಪಟ್ಟಿಗೂ ಅದೇ. ಮೊದಲು ಖಟ್ ಎಂದು ಕೇಳುತ್ತಿದ್ದ ಸದ್ದು ಈಗ ದಪ್ ಎನ್ನುತ್ತದೆ. ಟಿನ್ನಿನ ಹೊಟ್ಟೆಗೆ ಸಣ್ಣ ತಗ್ಗು ಬಿದ್ದರೆ ತೊಂದರೆ ಇಲ್ಲ. ಅಂಚಿನ ಸೀಲಿಗೆ ಪೆಟ್ಟು ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಈ ರಬ್ಬರ್ ಕೆಲಸ ಚಿಕ್ಕದು ಅನ್ನಿಸಿದರೂ ಬಿಡಬೇಡಿ.

ಮರಕ್ಕೆ ಉಪ್ಪುಕಾಗದ ಉಜ್ಜಿ ನಯ ಮಾಡಿ ಎರಡು ಕೈ ಪಾಲಿಷ್. ಗೆದ್ದಲಿಗೆಂದು ಕಾಲುಗಳ ತಳಕ್ಕೆ ಮಾತ್ರ ಗೇರೆಣ್ಣೆ ಬಳಿದೆ, ಕೈಗವಸು ಹಾಕಿಕೊಂಡು. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಆಹಾರ ಇಡುವ ಹಳಿಗಳ ಹತ್ತಿರ ಅದನ್ನು ತರಲೇಬೇಡಿ. ಪೂರ್ತಿ ಒಣಗಿದ ಮೇಲೆ ಕಾಲುಗಳ ಕೆಳಗೆ ಗ್ರಾನೈಟ್ ತುಂಡು ಇಟ್ಟು ನಿಲ್ಲಿಸಿದೆ.

ಟಿನ್ ಆರಿಸುವುದು

ಅಂಗಡಿಯಲ್ಲಿ ನಾನು ಮೊದಲು ನೋಡುವುದು ಅಂಚು. ಆಮೇಲೆ ತಾರೀಖು. ಟಿನ್ನಿನ ಎರಡು ಮುಚ್ಚಳವೂ ಸ್ವಲ್ಪ ಒಳಕ್ಕೆ ತಗ್ಗಿರಬೇಕು. ಬೆರಳಿನಿಂದ ಒತ್ತಿದರೆ ಟಕ್ ಎಂದು ಒಳಗೆ ಹೋಗಿ ಹೊರಗೆ ಬರುವ ಟಿನ್ ಬೇಡ. ಉಬ್ಬಿದ್ದು, ಜಿನುಗಿದ್ದು, ಅಂಚಿನಲ್ಲಿ ತಗ್ಗು ಬಿದ್ದದ್ದು, ಇವನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಇನ್ನೊಂದು, ತೂಕ. 155 ಗ್ರಾಂ ಎಂದು ಬರೆದಿದ್ದರೆ ಅಷ್ಟೂ ಮೀನಲ್ಲ. ರಸ ಬಸಿದ ಮೇಲಿನ ತೂಕ ಸಣ್ಣ ಅಕ್ಷರದಲ್ಲಿ ಇರುತ್ತದೆ, ಸುಮಾರು 90 ಗ್ರಾಂ. ಅದನ್ನು ಹಿಡಿದು ಬೆಲೆ ಹೋಲಿಸಬೇಕು. ನಾಲ್ಕು ಜನರ ಒಂದು ಊಟಕ್ಕೆ ದೊಡ್ಡದು ಒಂದು, ಇಲ್ಲವೇ ಚಿಕ್ಕದು ಎರಡು. ವಾರಕ್ಕೆ ಎರಡು ಸಲ ಎಂದರೂ ಆ 61 ದಿನಕ್ಕೆ 18 ಊಟ. ದೊಡ್ಡದು 10, ಚಿಕ್ಕದು 16 ತಂದರೆ ಲೆಕ್ಕ ಸರಿಹೋಗುತ್ತದೆ. ಕಪಾಟು ಹಿಡಿಯುತ್ತದೆ ಎಂದು ಪೂರ್ತಿ ತುಂಬುವುದು ಬೇಡ. ಮನೆಯವರು ತಿನ್ನದ ರುಚಿಯದ್ದನ್ನು ಆಫರ್ ಇದೆ ಎಂದು ರಾಶಿ ತರುವುದಂತೂ ಬೇಡವೇ ಬೇಡ. ಮೊದಲು ಒಂದೊಂದು ತಂದು ಮನೆಯಲ್ಲಿ ಎಲ್ಲರೂ ತಿಂದು ನೋಡಿ, ಆಮೇಲೆ ಜಾಸ್ತಿ ತನ್ನಿ.

ಎಣ್ಣೆಯಲ್ಲಿರುವ ಮೀನು ಟೊಮೆಟೊ ಸಾಸಿನದಕ್ಕಿಂತ ಹೆಚ್ಚು ಕಾಲ ಚೆನ್ನಾಗಿರುತ್ತದೆ, ಹುಳಿ ಇಲ್ಲವಲ್ಲ. ಟೊಮೆಟೊದ್ದು ಮೊದಲು ಮುಗಿಸಿ. ಬೂತಾಯಿಯ ಚಪ್ಪಟೆ ಚೌಕ ಟಿನ್ನುಗಳು ಉರುಳುವುದಿಲ್ಲ, ಅವನ್ನು ಮೇಲಿನ ಸಮತಟ್ಟು ಹಲಗೆಯಲ್ಲಿ ಒಂದರ ಪಕ್ಕ ಒಂದು ನಿಲ್ಲಿಸಿದ್ದೇನೆ. ಕೇದರದ ಗಿಡ್ಡ ಅಗಲ ಟಿನ್ನಿಗೂ ಅದೇ ಜಾಗ.

ಟಿನ್ನಿನಲ್ಲೇ ಮುಳ್ಳು ಬೆಂದು ಹಿಟ್ಟಾಗಿರುತ್ತದೆ. ಮುಳ್ಳಿಗೆ ಹೆದರುವ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಬೂತಾಯಿ ತಿನ್ನಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಆ ಮುಳ್ಳಿನಲ್ಲಿ ಸುಣ್ಣದ ಅಂಶ ಇರುತ್ತದೆ, ತೆಗೆದು ಬಿಸಾಡಬೇಡಿ.

ಕಪಾಟಿಗೆ ಏರಿಸುವ ಮೊದಲು

ಕಾಗದದ ಚೀಟಿ ಅಂಟಿಸಿದ ಟಿನ್ನುಗಳಿಗೆ ಚೀಟಿ ಸುಲಿಯುತ್ತೇನೆ. ಕಾಗದ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದರ ಅಡಿಯಲ್ಲಿ ತುಕ್ಕು ಹಿಡಿದರೂ ಗೊತ್ತಾಗುವುದಿಲ್ಲ. ಆಮೇಲೆ ಅಳಿಸದ ಮಾರ್ಕರಿನಲ್ಲಿ ಮೀನಿನ ಹೆಸರು, ಮುಗಿಯುವ ತಿಂಗಳು, ವರ್ಷ. ಇದನ್ನು ಮುಚ್ಚಳದ ಮೇಲೆ ಬರೆದರೆ ಪ್ರಯೋಜನವಿಲ್ಲ. ಟಿನ್ ಅಡ್ಡ ಮಲಗಿದಾಗ ಮುಚ್ಚಳಗಳು ಬದಿಯ ಹಲಗೆಯ ಕಡೆಗೆ ತಿರುಗಿರುತ್ತವೆ. ಕಾಣುವುದು ದುಂಡು ಮೈ ಮಾತ್ರ. ಅದೂ ಉರುಳುತ್ತಾ ಎಲ್ಲಿ ನಿಲ್ಲುತ್ತದೋ ಹೇಳುವಂತಿಲ್ಲ. ಹಾಗಾಗಿ ಮೈ ಸುತ್ತ ಮೂರು ಕಡೆ ಒಂದೇ ಬರಹ. ಹೇಗೆ ನಿಂತರೂ ಒಂದಾದರೂ ಕಣ್ಣಿಗೆ ಬೀಳುತ್ತದೆ.

ಅಂಚುಗಳಿಗೆ ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಟ್ಟೆಗೆ ಮುಟ್ಟಿಸಿಕೊಂಡು ತೆಳ್ಳಗೆ ಒರೆಸುತ್ತೇನೆ. ತೆಂಗಿನೆಣ್ಣೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ಕಮಟುತ್ತದೆ, ಜಿರಳೆ ಇರುವೆ ಹತ್ತುತ್ತವೆ. ಕೊಂಡಿ ಎಳೆದು ತೆರೆಯುವ ಮುಚ್ಚಳವಿದ್ದರೆ ಅದನ್ನು ನುಣುಪಾದ ಪ್ಲೈವುಡ್ ಕಡೆಗೆ ತಿರುಗಿಸಿ ಹಾಕಿ. ಕೊಂಡಿ ರೀಪಿಗೆ ಸಿಕ್ಕರೆ ಮುಚ್ಚಳದ ಗೀರು ಇರುವ ಜಾಗಕ್ಕೆ ಪೆಟ್ಟು.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಲ್ಲವನ್ನೂ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಅದೇ ಸಾಲಿನಲ್ಲಿ ಹಾಕುತ್ತೇನೆ. ಮೇಲ್ಮೈ ತುಕ್ಕು ಬಟ್ಟೆಯಲ್ಲಿ ಹೋದರೆ ಆ ಟಿನ್ ಮುಂದಿನ ಊಟಕ್ಕೆ. ಒರೆಸಿದರೂ ಹೋಗದೆ ಹೊಂಡ ಬಿದ್ದ ಹಾಗೆ ಕಂಡರೆ ಕಸಕ್ಕೆ. ಫ್ರಿಜ್ಜಿನಲ್ಲಿ ಇಟ್ಟ ಟಿನ್ನನ್ನು ಮತ್ತೆ ಕಪಾಟಿಗೆ ತರಬೇಡಿ, ಮೈತುಂಬ ಬೆವರುತ್ತದೆ.

ಬಂಗುಡೆ ಅಗ್ಗವಾದಾಗ ಮನೆಯಲ್ಲೇ ಬಾಟಲಿಗೆ ತುಂಬಿ ಕುಕ್ಕರಿನಲ್ಲಿ ಬೇಯಿಸಿಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ದಯವಿಟ್ಟು ಬೇಡ. ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ಆಹಾರವಿಷ ತರುವ ಕ್ರಿಮಿಯ ಬೀಜ ಕುದಿಯುವ ನೀರಿಗೆ ಸಾಯುವುದಿಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ ಬಾಟಲಿಯೇ ಅದಕ್ಕೆ ಬೇಕಾದ ಜಾಗ. ಬಾಟಲಿಯ ನಟ್ಟನಡುವಿನ ಮೀನಿಗೂ ಸಾಕಷ್ಟು ಬಿಸಿ ಸಾಕಷ್ಟು ಹೊತ್ತು ತಾಗಿತೇ ಎಂದು ಮನೆಯ ಕುಕ್ಕರಿನಲ್ಲಿ ತಿಳಿಯುವ ದಾರಿ ಇಲ್ಲ. ಆ ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಈ ಕೆಲಸ ಕಾರ್ಖಾನೆಗೇ ಇರಲಿ.

ತೆರೆದ ಮೇಲೆ

ತೆರೆದ ಟಿನ್ ತಾಜಾ ಮೀನಿಗೆ ಸಮ, ಅಷ್ಟೇ ಎಚ್ಚರ ಬೇಕು. ಉಳಿದದ್ದನ್ನು ಟಿನ್ನಿನಲ್ಲೇ ಬಿಡದೆ ಗಾಜಿನ ಅಥವಾ ಸ್ಟೀಲಿನ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟು ಎರಡು ದಿನದಲ್ಲಿ ಮುಗಿಸಿ. ಕರೆಂಟ್ ಇಲ್ಲದ ದಿನ ಚಿಕ್ಕ ಟಿನ್ನನ್ನೇ ತೆರೆಯಿರಿ, ಒಂದೇ ಊಟಕ್ಕೆ ಖಾಲಿ. ಬಂಗುಡೆ, ಬೂತಾಯಿ, ಕೇದರ ಮೂರರಲ್ಲೂ ಹೊರಗೆ ಬಿಸಿಯಲ್ಲಿ ಬಿಟ್ಟರೆ ಹಿಸ್ಟಮಿನ್ ಹುಟ್ಟುತ್ತದೆ. ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ.

ಅಡುಗೆಯಲ್ಲಿ ಕ್ರಮ ತಿರುವುಮುರುವು. ತಾಜಾ ಮೀನಿಗೆ ಮಸಾಲೆ ಕುದಿಯುವಾಗ ಮೀನು ಹಾಕುತ್ತೇವೆ. ಇಲ್ಲಿ ಮೀನು ಮೊದಲೇ ಬೆಂದಿದೆ. ಪುಳಿಮುಂಚಿ ಮಾಡುವುದಾದರೆ ಮಸಾಲೆ ಪೂರ್ತಿ ಕುದಿದು ಎಣ್ಣೆ ಬಿಟ್ಟ ಮೇಲೆ ಟಿನ್ನಿನ ಬಂಗುಡೆಯನ್ನು ನಿಧಾನಕ್ಕೆ ಇಳಿಸಿ, ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ, ಎರಡು ನಿಮಿಷಕ್ಕೆ ಒಲೆ ಆರಿಸಬೇಕು. ಉಪ್ಪು ಕೊನೆಗೆ, ರುಚಿ ನೋಡಿ. ಟೊಮೆಟೊ ಸಾಸಿನ ಬೂತಾಯಿಗೆ ಹುಣಸೆ ಬೇಕಾಗಿಲ್ಲ. ಈರುಳ್ಳಿ, ಹಸಿಮೆಣಸು, ಕರಿಬೇವಿನಸೊಪ್ಪು ಬಾಡಿಸಿ, ಟಿನ್ನಿನ ರಸ ಮೊದಲು ಸುರಿದು ಗಟ್ಟಿ ಮಾಡಿ, ಮೀನು ಹಾಕಿ, ಮೇಲೆ ಒಂದು ಹಿಡಿ ತೆಂಗಿನ ತುರಿ. ಕುಚ್ಚಲಕ್ಕಿ ಗಂಜಿಯ ಜೊತೆ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಇದೇ ಹೆಚ್ಚು ಖರ್ಚಾಗುವುದು.

ಆಗಸ್ಟಿನಲ್ಲಿ ಬೋಟುಗಳು ಇಳಿದು ಮೀನು ಅಗ್ಗವಾದ ಮೇಲೂ ಹದಿನೈದು ದಿನಕ್ಕೊಂದು ಟಿನ್ ಕೆಳಗಿನ ಬಾಯಿಯಿಂದ ತೆಗೆಯುತ್ತಿರುತ್ತೇನೆ, ಸಾಲು ನಿಲ್ಲಬಾರದು ಎಂದು. ಹೊಸ ಖರೀದಿ ಏಪ್ರಿಲಿನಲ್ಲಿ. ಆಗ ಕೊಳ್ಳುವ ಪ್ರತಿ ಟಿನ್ನಿನ ತಾರೀಖೂ ಮುಂದಿನ ವರ್ಷದ ಜುಲೈ ದಾಟಿರಬೇಕು. ಒಂದು ಮಳೆಗಾಲಕ್ಕೆ ಕಡಿಮೆ ತಿಂದರೂ ಎರಡನೆಯದಕ್ಕೆ ಉಳಿಯುತ್ತದೆ.